ಐರ್ಲೆಂಡ್ ಮಳೆಯಲ್ಲಿ ಸಿಕ್ಕ ಸ್ಟೇರಿಂಗ್

ಐರ್ಲೆಂಡಿಗೆ ಹೋಗ್ತಿದ್ದೀವಿ ಅಂದಾಗ ಟೀಮಿನಲ್ಲಿ ಎಲ್ಲರೂ ಹೇಳಿದ್ದು ಒಂದೇ ಮಾತು: ‘ಮಳೆ ನೋಡೋಕೆ ಅಷ್ಟು ದುಡ್ಡು ಯಾಕೆ? ಸಕಲೇಶಪುರಕ್ಕೆ ಹೋಗಿ ಬನ್ನಿ.’

ಮಾತು ಸುಳ್ಳಲ್ಲ. ಸೆಪ್ಟೆಂಬರ್ ಕೊನೆಯಲ್ಲಿ ಎಂಟು ದಿನ ಇದ್ದೆವು, ಏಳು ದಿನ ಮಳೆ. ನಮ್ಮ ಮಲೆನಾಡಿನ ಜಡಿಮಳೆಯ ಹಾಗೆ ನೇರವಾಗಿ ಸುರಿಯೋದಲ್ಲ, ಅಟ್ಲಾಂಟಿಕ್ ಕಡೆಯಿಂದ ಅಡ್ಡಡ್ಡ ಹೊಡೆಯುವ ಮಳೆ. ಕೊಡೆ ಬಿಚ್ಚಿದ ಮೊದಲ ದಿನವೇ ಅದರ ಕಡ್ಡಿಗಳೆಲ್ಲ ಮುರಿದವು. ಸೋನೆ ಹನಿಯುವ ದಿನಕ್ಕೆ ಅಲ್ಲಿಯವರು ‘ಸಾಫ್ಟ್ ಡೇ’ ಅಂತಾರೆ. ಎಂಥ ಹೊಂದಿಕೊಳ್ಳೋ ಜನ ನೋಡಿ!

ಪ್ಲಾನ್ ನನ್ನ ಗಂಡನದು. ಅವನೂ ನನ್ನ ಹಾಗೆ ಸಾಫ್ಟ್‌ವೇರ್. ಹಾಗಾಗಿ ಪ್ಲಾನ್ ಅಂದರೆ ಎಕ್ಸೆಲ್ ಶೀಟ್, ಬಣ್ಣದ ಕಾಲಂಗಳು, ಅರ್ಧರ್ಧ ಗಂಟೆಯ ಲೆಕ್ಕ. ಪಶ್ಚಿಮ ಕರಾವಳಿಯುದ್ದಕ್ಕೂ ‘ವೈಲ್ಡ್ ಅಟ್ಲಾಂಟಿಕ್ ವೇ’ ಅನ್ನುವ ಮಾರ್ಗವಿದೆ. ದಕ್ಷಿಣದ ಕಿನ್ಸೇಲ್‌ನಿಂದ ಉತ್ತರದ ಡೊನೆಗಾಲ್‌ವರೆಗೆ ಸುಮಾರು 2,500 ಕಿ.ಮೀ. 2014ರಲ್ಲಿ ಪ್ರವಾಸಿಗರಿಗಾಗಿ ಶುರುಮಾಡಿದ್ದು. ಪೂರ್ತಿ ಮಾಡೋಕೆ ನಮ್ಮ ರಜೆ ಸಾಲದು. ಕೆರ್ರಿ, ಕ್ಲೇರ್, ಗಾಲ್ವೇ ಮೂರು ಕೌಂಟಿ ಸಾಕು ಅಂದುಕೊಂಡೆವು.

ಶೀಟಿನಲ್ಲಿ ‘ಡ್ರೈವರ್’ ಅನ್ನುವ ಕಾಲಂ ಇತ್ತು. ಎಂಟೂ ದಿನ ಅವನ ಹೆಸರೇ.

ಅದಕ್ಕೊಂದು ಕಾರಣವಿದೆ. ಮೂರು ವರ್ಷದ ಹಿಂದೆ ಹಾಸನದಿಂದ ವಾಪಸ್ ಬರುವಾಗ ನೆಲಮಂಗಲದ ಹತ್ತಿರ ಜೋರು ಮಳೆ. ಕಾರು ಓಡಿಸ್ತಿದ್ದವಳು ನಾನು. ಬ್ರೇಕ್ ಒತ್ತಿದೆ, ಕಾರು ಜಾರಿ ಡಿವೈಡರ್‌ಗೆ ಬಡಿಯಿತು. ಪಕ್ಕದಲ್ಲಿದ್ದ ಅಪ್ಪನ ಹಣೆಗೆ ಮೂರು ಹೊಲಿಗೆ. ಯಾರೂ ನನ್ನನ್ನು ಬೈಯಲಿಲ್ಲ. ‘ಸುಮ್ನೆ ಯಾಕೆ ಟೆನ್ಷನ್, ನೀನು ಆರಾಮಾಗಿ ಕೂತ್ಕೋ’ ಅಂದರು ಅಷ್ಟೇ. ಅಪ್ಪ ಅಂದರು, ಅತ್ತೆ ಅಂದರು, ಗಂಡನೂ ಅಂದ. ಹಾಗೆ ಪ್ರೀತಿಯಿಂದಲೇ ಕೀ ನನ್ನ ಕೈ ಬಿಟ್ಟುಹೋಯಿತು. ಬೈದಿದ್ದರೆ ವಾದ ಮಾಡಬಹುದಿತ್ತು.

ಡಬ್ಲಿನ್‌ನಲ್ಲಿ ಬಾಡಿಗೆ ಕಾರು ತೆಗೆದುಕೊಳ್ಳುವಾಗ ಎರಡನೇ ಡ್ರೈವರ್ ಅಂತ ನನ್ನ ಹೆಸರನ್ನೂ ಸೇರಿಸಿದ. ‘ಎಮರ್ಜೆನ್ಸಿಗೆ ಇರಲಿ’ ಅಂದ. ಎಮರ್ಜೆನ್ಸಿ ಮೂರನೇ ದಿನವೇ ಬಂತು.

ಡಿಂಗಲ್ ಪರ್ಯಾಯದ್ವೀಪದ ಸ್ಲೇ ಹೆಡ್ ರಸ್ತೆ ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಸಮುದ್ರ. ಒಂದು ಕಡೆಯಂತೂ ತೊರೆ ರಸ್ತೆಯ ಮೇಲೇ ಹರಿಯುತ್ತದೆ. ಇದು ಐರಿಶ್ ಭಾಷೆ ಮಾತಾಡುವ ಸೀಮೆ. ರಸ್ತೆ ಮೇಲೆ ದಪ್ಪ ಅಕ್ಷರದಲ್ಲಿ ‘ಗೋ ಮಾಲ್’ ಅಂತ ಬರೆದಿತ್ತು. ಇಷ್ಟು ನಿರ್ಜನ ಜಾಗದಲ್ಲಿ ಯಾವ ಶಾಪಿಂಗ್ ಮಾಲ್ ಅಂತ ನಕ್ಕೆವು. ಆಮೇಲೆ ಗೊತ್ತಾಯಿತು, ಐರಿಶ್‌ನಲ್ಲಿ ಅದರ ಅರ್ಥ ‘ನಿಧಾನವಾಗಿ ಹೋಗಿ’.

ಡನ್‌ಕ್ವಿನ್ ಅನ್ನುವಲ್ಲಿ ಸಮುದ್ರಕ್ಕೆ ಇಳಿಯುವ ಅಂಕುಡೊಂಕಿನ ಕಡಿದಾದ ದಾರಿಯಿದೆ. ಎದುರಿಗೆ ಬ್ಲಾಸ್ಕೆಟ್ ದ್ವೀಪಗಳು. ದೊಡ್ಡ ದ್ವೀಪದಲ್ಲಿ ಉಳಿದಿದ್ದ ಕೊನೆಯ ಕೆಲವು ಮಂದಿಯನ್ನು 1953ರಲ್ಲಿ ಸರ್ಕಾರವೇ ಈಚೆ ದಡಕ್ಕೆ ಕರೆತಂದಿತು. ಹವಾಮಾನ ಕೆಟ್ಟರೆ ದಿನಗಟ್ಟಲೆ ಡಾಕ್ಟರೂ ಇಲ್ಲ, ದಿನಸಿಯೂ ಇಲ್ಲ, ಹುಡುಗರೆಲ್ಲ ವಲಸೆ ಹೋಗಿಯಾಗಿತ್ತು. ಆ ಮನೆಗಳನ್ನು ಜೂಮ್ ಮಾಡಿ ಫೋಟೋ ತೆಗೆಯಲು ಹೋದ ನನ್ನ ಗಂಡ ಒದ್ದೆ ಕಲ್ಲಿನ ಮೇಲೆ ಜಾರಿ ಬಿದ್ದ. ಬಲಗಾಲಿನ ಹಿಮ್ಮಡಿಗಂಟು ಹತ್ತೇ ನಿಮಿಷಕ್ಕೆ ಊದಿಕೊಂಡಿತು. ಬಲಗಾಲು, ಅಂದರೆ ಬ್ರೇಕಿನ ಕಾಲು.

‘ಏನೂ ಆಗಿಲ್ಲ ಬಿಡು’ ಅಂತ ಕುಂಟುತ್ತ ಡ್ರೈವರ್ ಸೀಟಿನ ಕಡೆ ಹೋದ. ಕೂತು ಪೆಡಲ್ ಮುಟ್ಟಿದವನು ಹಲ್ಲು ಕಚ್ಚಿದ. ಒಂದು ನಿಮಿಷ ವೈಪರ್ ಸದ್ದು ಬಿಟ್ಟರೆ ಬೇರೇನಿಲ್ಲ. ಆಮೇಲೆ ಇಳಿದು, ಕಾರು ಸುತ್ತಿಕೊಂಡು ಎಡಗಡೆ ಬಾಗಿಲಿಗೆ ಬಂದ.

‘ನೀ ಹೊಡಿ ಗಾಡಿ.’

ಕೈ ನಡುಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಸಮಾಧಾನ ಅಂದರೆ ಐರ್ಲೆಂಡಿನಲ್ಲೂ ನಮ್ಮ ಹಾಗೇ ಎಡಗಡೆ ಓಡಿಸೋದು, ಕಾರು ಆಟೊಮ್ಯಾಟಿಕ್. ಎರಡೂ ಬದಿ ಕಲ್ಲಿನ ಗೋಡೆ, ಒಂದೇ ಕಾರಿಗೆ ಸಾಲುವ ರಸ್ತೆ. ಎದುರಿಗೊಂದು ಟ್ರ್ಯಾಕ್ಟರ್ ಬಂತು. ನಿಲ್ಲಿಸಿಬಿಟ್ಟೆ. ಡ್ರೈವರ್ ಹಾರ್ನ್ ಮಾಡಲಿಲ್ಲ, ತಾನೇ ಹಿಂದಕ್ಕೆ ಹೋಗಿ ಅಗಲದ ಜಾಗದಲ್ಲಿ ನಿಂತ. ದಾಟುವಾಗ ಸ್ಟೇರಿಂಗಿನಿಂದ ತೋರುಬೆರಳನ್ನಷ್ಟೇ ಎತ್ತಿದ. ಹಳ್ಳಿಕಡೆ ಅದೇ ನಮಸ್ಕಾರ. ಮಧ್ಯಾಹ್ನದ ಹೊತ್ತಿಗೆ ನಾನೂ ಬೆರಳು ಎತ್ತತೊಡಗಿದ್ದೆ.

ಮುಂದೆ ಕಾನರ್ ಪಾಸ್ ಹತ್ತಬೇಕು ಅಂತ ಶೀಟಿನಲ್ಲಿತ್ತು. ‘ಬೇಡ, ಮೇನ್ ರೋಡಲ್ಲೇ ಹೋಗ್ತೀನಿ’ ಅಂದೆ. ಧೈರ್ಯ ತೋರಿಸಲು ಅದು ದಿನವಲ್ಲ. ಪಕ್ಕದ ಸೀಟಿನವನು ಎಡಗಾಲಿನಿಂದ ಇಲ್ಲದ ಬ್ರೇಕ್ ಒತ್ತುತ್ತಿದ್ದ. ‘ಸಾವಕಾಶ... ಗ್ವಾಡಿ... ಗ್ವಾಡಿ!’ ಅಂತ ಕೂಗು ಬೇರೆ. ಟ್ರಲೀ ದಾಟುವಾಗ ಬದಿಗೆ ನಿಲ್ಲಿಸಿ ಹೇಳಿದೆ: ‘ಒಂದೋ ಮ್ಯಾಪ್ ನೋಡು, ಇಲ್ಲಾ ನಿದ್ದೆ ಮಾಡು.’ ಮ್ಯಾಪ್ ನೋಡಿದ.

ಟಾರ್ಬರ್ಟ್‌ನಲ್ಲಿ ಶಾನನ್ ನದಿಯ ಅಳಿವೆ. ಕಾರನ್ನೇ ದೊಡ್ಡ ದೋಣಿಗೆ ಹತ್ತಿಸಿದರೆ 20 ನಿಮಿಷದಲ್ಲಿ ಆಚೆ ದಡ, ಕ್ಲೇರ್ ಕೌಂಟಿ. ಸಿಗಂದೂರು ಲಾಂಚ್ ನೆನಪಾಯಿತು. ಇಲ್ಲಿನ ನೀರಿನಲ್ಲಿ ಡಾಲ್ಫಿನ್‌ಗಳು ಇವೆ. ನಮಗೆ ಕಂಡಿದ್ದು ಮಂಜು ಮಾತ್ರ. ಕಾರಿನಲ್ಲೇ ಕೂತಿದ್ದಾಗ ಅವನು ಮೆಲ್ಲಗೆ ಹೇಳಿದ: ‘ಮೂರು ವರ್ಷ ಆತು. ನಿನಗ ಗಾಡಿ ಹೊಡೀಬೇಕು ಅನಸ್ತದೇನು ಅಂತ ನಾ ಒಮ್ಮೆನೂ ಕೇಳಲಿಲ್ಲ.’

‘ನಾನೂ ಹೇಳಲಿಲ್ಲ’ ಅಂದೆ. ಅದೂ ನಿಜವೇ.

ಮೋಹರ್ ಕ್ಲಿಫ್ಸ್ ಸಮುದ್ರದಿಂದ 214 ಮೀಟರ್ ಎತ್ತರದವರೆಗೂ ಏಳುವ ಬಂಡೆಗೋಡೆ, ದೇಶದ ಅತಿ ಪ್ರಸಿದ್ಧ ತಾಣಗಳಲ್ಲೊಂದು. ನಾವು ಹೋದಾಗ ಬರೀ ಬಿಳಿ. ಕೆಳಗೆಲ್ಲೋ ಅಲೆ ಬಡಿಯುವ ಸದ್ದು, ಹಕ್ಕಿಗಳ ಕೂಗು. ಒಂದು ಗಂಟೆ ಕಾದೆವು, ಮೋಡ ಸರಿಯಲಿಲ್ಲ. ಆ ಬಿಳಿಯ ಫೋಟೋ ಈಗ ನನ್ನ ಫೋನಿನ ವಾಲ್‌ಪೇಪರ್.

ಗಾಲ್ವೇಯಲ್ಲಿ ನಾವು ಉಳಿದಿದ್ದ ಮನೆಯ ಅಜ್ಜಿ ಬೆಳಗಿನ ತಿಂಡಿಗೆ ಕೂತಾಗ ಭಾರತದಲ್ಲಿ ಯಾವ ಊರು ಅಂತ ಕೇಳಿದರು. ನನ್ನ ಗಂಡ ಬೆಳಗಾವಿ ಅಂದ. ಟೀಪಾಟ್ ಕೆಳಗಿಟ್ಟರು. ‘ಸವಿತಾ ಊರಲ್ಲವಾ?’

ಅಡ್ಡಹೆಸರಿಲ್ಲ, ಬರೀ ಸವಿತಾ. ಬೆಳಗಾವಿಯ ದಂತವೈದ್ಯೆ ಸವಿತಾ ಹಾಲಪ್ಪನವರ 2012ರ ಅಕ್ಟೋಬರ್ 28ರಂದು ಇದೇ ಊರಿನಲ್ಲಿ ತೀರಿಕೊಂಡರು. 17 ವಾರದ ಗರ್ಭ ಉಳಿಯುವುದಿಲ್ಲ ಅಂತ ಗೊತ್ತಾದ ಮೇಲೆ ತೆಗೆದುಬಿಡಿ ಅಂತ ಕೇಳಿಕೊಂಡಿದ್ದರು. ಭ್ರೂಣದ ಎದೆಬಡಿತ ಇರುವವರೆಗೆ ಆಗದು ಅನ್ನುವ ಉತ್ತರ ಬಂತು. ಸೋಂಕು ರಕ್ತಕ್ಕೇರಿತು. 2018ರ ಮೇ 25ರ ಜನಮತಗಣನೆಯಲ್ಲಿ ಶೇ. 66ಕ್ಕೂ ಹೆಚ್ಚು ಜನ ಸಂವಿಧಾನದ ಆ ಕಟ್ಟಳೆಯನ್ನು ತೆಗೆಯಲು ಮತ ಹಾಕಿದರು. ‘ನಾನು ಅವಳನ್ನು ನೆನೆದುಕೊಂಡೇ ಹಾಕಿದೆ’ ಅಂದರು ಅಜ್ಜಿ. ಸವಿತಾಗೆ ಆಗ 31 ವರ್ಷ. ನನಗೀಗ 31. ಅಜ್ಜಿ ಮತ್ತೆ ಚಹಾ ಬಗ್ಗಿಸಿದರು, ಮೂವರೂ ಸುಮ್ಮನೆ ಕುಡಿದೆವು.

ಹೋಗಬೇಕು ಅನ್ನೋರಿಗೆ ಒಂದಿಷ್ಟು ಮಾತು. ಐರ್ಲೆಂಡ್ ಷೆಂಗೆನ್‌ನಲ್ಲಿಲ್ಲ, ಆ ವೀಸಾ ಇಲ್ಲಿ ನಡೆಯಲ್ಲ. ಆರ್‌ಟಿಒದಿಂದ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಳ್ಳಿ, ಇಬ್ಬರೂ ಮಾಡಿಸಿ. ಆಟೊಮ್ಯಾಟಿಕ್ ಕಾರು ದುಬಾರಿ, ಆದರೂ ಅದನ್ನೇ ತಗೊಳ್ಳಿ. ಡಬ್ಲಿನ್ ಸುತ್ತಿನ ಎಂ50 ರಸ್ತೆಯಲ್ಲಿ ಟೋಲ್ ಗೇಟ್ ಇಲ್ಲ, ಮರುದಿನ ರಾತ್ರಿ 8ರ ಒಳಗೆ ಆನ್‌ಲೈನ್‌ನಲ್ಲಿ ಕಟ್ಟಬೇಕು. ಕೊಡೆ ಮನೆಯಲ್ಲೇ ಬಿಡಿ, ಒಳ್ಳೆ ರೈನ್‌ಕೋಟ್ ತಗೊಂಡು ಹೋಗಿ. ದಿನಕ್ಕೆ ಎರಡಕ್ಕಿಂತ ಹೆಚ್ಚು ಜಾಗ ಇಟ್ಟುಕೊಳ್ಳಬೇಡಿ.

ಗಾಲ್ವೇಯಿಂದ ಡಬ್ಲಿನ್‌ಗೆ ಎಂ6 ಮೋಟರ್‌ವೇ ಹಿಡಿದು ಬಂದೆವು. ಮಳೆಯಲ್ಲೇ, ನಾನೇ ಓಡಿಸಿದೆ. ಅವನು ಅಥ್ಲೋನ್‌ವರೆಗೂ ಗೊರಕೆ ಹೊಡೆದ. ಅಷ್ಟು ಖುಷಿ ಕೊಟ್ಟ ಗೊರಕೆ ನಾನು ಕೇಳಿಲ್ಲ!

ಬೆಂಗಳೂರಿಗೆ ಬಂದಿಳಿದಾಗಲೂ ಸಣ್ಣಗೆ ಹನಿಯುತ್ತಿತ್ತು. ಏರ್‌ಪೋರ್ಟ್ ಪಾರ್ಕಿಂಗಿನಲ್ಲಿ ನಮ್ಮ ಧೂಳು ಹಿಡಿದ ಕಾರು. ಅವನ ಕಾಲು ಅಷ್ಟರಲ್ಲಿ ಸುಮಾರಾಗಿ ವಾಸಿಯಾಗಿತ್ತು. ಆದರೂ ಕೀ ನನ್ನ ಕೈಗಿಟ್ಟು, ಎಡಗಡೆ ಬಾಗಿಲು ತೆಗೆದು ಕೂತುಕೊಂಡ. ಮುಂದಿನ ಶನಿವಾರ ಹಾಸನಕ್ಕೆ ಹೋದೆವು. ನೆಲಮಂಗಲದ ಹತ್ತಿರ ಅಂಗೈ ಬೆವೆತಿತು, ಆದರೆ ನಿಲ್ಲಿಸಲಿಲ್ಲ. ಗೇಟಿನಲ್ಲಿ ನಿಂತಿದ್ದ ಅಪ್ಪ ಡ್ರೈವರ್ ಸೀಟಿನಲ್ಲಿ ನನ್ನನ್ನು ನೋಡಿ ಒಂದು ಗಳಿಗೆ ಸುಮ್ಮನಿದ್ದರು. ಆಮೇಲೆ ಕೇಳಿದರು: ‘ಸಂಜೆ ಬೇಲೂರಿಗೆ ಒಂದು ರೌಂಡ್ ಹೋಗಿ ಬರೋಣ್ವಾ?’