ಲಾಲ್‌ಬಾಗ್ ಕೊಟ್ಟ ತರಕಾರಿ

ಸೀಮೆಬದನೆಕಾಯಿಗೆ ತಮಿಳರು ‘ಬೆಂಗಳೂರು ಕತ್ತರಿಕ್ಕಾಯ್’ ಎನ್ನುತ್ತಾರೆ. ತೆಲುಗರಿಗೆ ಅದು ‘ಬೆಂಗಳೂರು ವಂಕಾಯ’. ಮೆಕ್ಸಿಕೋ ಸೀಮೆಯ ಬಳ್ಳಿಗೆ ಈ ಊರಿನ ಹೆಸರು ಅಂಟಿಕೊಂಡದ್ದರ ಹಿಂದೆ ಲಾಲ್‌ಬಾಗ್ ಇದೆ.

1760ರಲ್ಲಿ ಹೈದರಾಲಿ ಆರಂಭಿಸಿದ ಈ ತೋಟ 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. 1874ರಲ್ಲಿ ಮೇಲ್ವಿಚಾರಕರಾಗಿ ಬಂದ ಜಾನ್ ಕ್ಯಾಮರಾನ್ ಹೊರದೇಶಗಳ ಬೀಜ, ಸಸಿ ತರಿಸಿ, ಇಲ್ಲಿನ ಮಣ್ಣು-ಹವೆಗೆ ಒಗ್ಗುತ್ತವೆಯೇ ಎಂದು ಬೆಳೆಸಿ ನೋಡಿದರು. ಸೀಮೆಬದನೆಯನ್ನು ಇಲ್ಲಿಗೆ ಪರಿಚಯಿಸಿದ ಕೀರ್ತಿಯೂ ಅವರದೇ. ಸಸ್ಯೋದ್ಯಾನದ ಅಸಲು ಕೆಲಸ ಇದು: ಬೆಳೆಸಿ ನೋಡುವುದು, ಗುರುತಿಸುವುದು, ಕಲಿಸುವುದು. ವಿಹಾರವೇನಿದ್ದರೂ ಆಮೇಲಿನದು.

ಜನವರಿ, ಆಗಸ್ಟ್‌ಗಳ ಫಲಪುಷ್ಪ ಪ್ರದರ್ಶನಕ್ಕೆ ಗಾಜಿನ ಮನೆಯ ಮುಂದೆ ಜನಜಾತ್ರೆ. ಪಕ್ಕದ ಮರಕ್ಕೆ ಹೊಡೆದ ಪುಟ್ಟ ಫಲಕದಲ್ಲಿ ಅದರ ಶಾಸ್ತ್ರೀಯ ಹೆಸರು, ಕುಟುಂಬದ ವಿವರವಿರುತ್ತದೆ. ಮಕ್ಕಳು ಓದಲು ನಿಂತರೆ, ಹಿರಿಯರು ಕೈಹಿಡಿದು ಹೂವಿನ ಕಡೆಗೆ ಎಳೆದೊಯ್ಯುತ್ತಾರೆ.