ಉಲ್ಟಾ ಲೆನ್ಸಿನ ಎದುರು ಎಂಟು ಕಾಲಿನ ಇರುವೆ

ಆ ಇರುವೆಗೆ ಎಂಟು ಕಾಲಿತ್ತು.

ತೀರ್ಥಹಳ್ಳಿ ಕಡೆಯ ನೆಂಟರ ಮನೆಯಂಗಳದಲ್ಲೊಂದು ಮಾವಿನ ಮರ, ಮರದ ತುಂಬ ಚಗಳಿ. ಎಲೆಗಳನ್ನು ಹತ್ತಿರಕ್ಕೆ ಎಳೆದು, ತಮ್ಮದೇ ಮರಿಹುಳುಗಳ ಬಾಯಿಂದ ಬರುವ ರೇಷ್ಮೆಯಲ್ಲಿ ಅಂಟಿಸಿ ಗೂಡು ಕಟ್ಟುವ ಕೆಂಪಿರುವೆ ಅದು. ಮಲೆನಾಡಿನಲ್ಲಿ ಚಟ್ನಿಗೆ ಒದಗುವುದೂ ಅದೇ. ಬೆಳಿಗ್ಗೆ ಒಂದಷ್ಟು ಕಚ್ಚಿಸಿಕೊಂಡು ಫೋಟೋ ತೆಗೆದೆ. ಸಂಜೆ ಲ್ಯಾಪ್‌ಟಾಪಿನಲ್ಲಿ ದೊಡ್ಡದು ಮಾಡಿ ನೋಡುತ್ತಿದ್ದಾಗ, ಸಾಲಿನಿಂದ ಗೇಣು ದೂರದಲ್ಲಿ ಒಂಟಿಯಾಗಿ ನಡೆಯುತ್ತಿದ್ದ ಒಂದರ ಮೀಸೆ ಯಾಕೋ ಸರಿಯಿಲ್ಲ ಅನಿಸಿತು. ಅದು ಮೀಸೆಯಾಗಿರಲಿಲ್ಲ, ಮೀಸೆಯಂತೆ ಎತ್ತಿ ಹಿಡಿದ ಮುಂಗಾಲು. ಎಣಿಸಿದೆ. ಎಂಟು. ಜೇಡ!

ಮಿರ್ಮಾಪ್ಲೇಟಾ ಪ್ಲೇಟೇಲಿಯಾಯ್ಡಿಸ್ ಎಂಬ ಉದ್ದನೆಯ ಹೆಸರು ಹೊತ್ತ ಈ ಜಿಗಿಯುವ ಜೇಡ ಚಗಳಿಯ ವೇಷ ಹಾಕಿಕೊಂಡೇ ಬದುಕುತ್ತದೆ. ಕಚ್ಚಿ, ಆಮ್ಲ ಸಿಂಪಡಿಸುವ ಚಗಳಿಯ ತಂಟೆಗೆ ಹೋಗಲು ಹೆಚ್ಚಿನ ಬೇಟೆಗಾರರಿಗೆ ಧೈರ್ಯ ಸಾಲದು; ವೇಷಧಾರಿಗೆ ಅದೇ ರಕ್ಷಣೆ. ಗಂಡಿನದಂತೂ ಇನ್ನೂ ಸೊಗಸು. ಅದರ ದವಡೆ ಎಷ್ಟು ಮುಂದಕ್ಕೆ ಚಾಚಿರುತ್ತದೆಂದರೆ, ಇರುವೆಯೊಂದು ಮತ್ತೊಂದನ್ನು ಕಚ್ಚಿಕೊಂಡು ಹೊತ್ತೊಯ್ಯುತ್ತಿದೆ ಎಂದೇ ನಾವು ನಂಬಬೇಕು.

ಇಷ್ಟನ್ನು ಹಿಡಿದುಕೊಟ್ಟದ್ದು ಹತ್ತಾರು ಸಾವಿರ ಬೆಲೆಯ ಮ್ಯಾಕ್ರೋ ಲೆನ್ಸಲ್ಲ. ಹಳೇ ಡಿಎಸ್‌ಎಲ್‌ಆರ್ ಕ್ಯಾಮೆರಾ ಕೊಂಡಾಗ ಜೊತೆಗೇ ಬಂದಿದ್ದ 18–55 ಮಿಲಿಮೀಟರಿನ ಸಾಧಾರಣ ಲೆನ್ಸು. ಒಂದೇ ವ್ಯತ್ಯಾಸ, ಅದನ್ನು ಉಲ್ಟಾ ಸಿಕ್ಕಿಸಿದ್ದೆ.

ಮೊದಲು ಮ್ಯಾಕ್ರೋ ಎಂದರೇನು ಅನ್ನುವುದನ್ನು ಇತ್ಯರ್ಥ ಮಾಡೋಣ, ಯಾಕೆಂದರೆ ಈ ಪದವನ್ನು ಅಂಗಡಿಯವರು ಎಲ್ಲಕ್ಕೂ ಅಂಟಿಸುತ್ತಾರೆ. ಹತ್ತು ಮಿಲಿಮೀಟರಿನ ಇರುವೆಯ ಬಿಂಬ ಕ್ಯಾಮೆರಾದೊಳಗಿನ ಸೆನ್ಸರಿನ ಮೇಲೂ ಹತ್ತು ಮಿಲಿಮೀಟರ್ ಇದ್ದರೆ ಅದು 1:1. ಅಲ್ಲಿಂದ ಮೇಲಿನದ್ದು ಅಸಲಿ ಮ್ಯಾಕ್ರೋ. ಸಾಮಾನ್ಯ ಡಿಎಸ್‌ಎಲ್‌ಆರ್ ಸೆನ್ಸರಿನ ಅಗಲ ಸುಮಾರು 23 ಮಿಲಿಮೀಟರ್. ಅಂದರೆ 1:1ರಲ್ಲಿ ಎರಡು ಚಗಳಿಗಳು ಒಂದರ ಹಿಂದೊಂದು ಆರಾಮವಾಗಿ ನಿಲ್ಲಬಹುದು. ಚಿಟ್ಟೆಯ ರೆಕ್ಕೆ ಮುಟ್ಟಿದರೆ ಬೆರಳಿಗೆ ಹತ್ತುವ ಪುಡಿ ಇದೆಯಲ್ಲ, ಅದರ ಒಂದೊಂದು ಕಣವೂ ಒಂದು ಹುರುಪೆ, ಉದ್ದ ಮಿಲಿಮೀಟರಿನ ಹತ್ತನೇ ಒಂದು ಪಾಲಿನಷ್ಟು. 24 ಮೆಗಾಪಿಕ್ಸೆಲ್‌ನ ಕ್ಯಾಮೆರಾದಲ್ಲಿ 1:1ಕ್ಕೆ ಆ ಹುರುಪೆಯ ಉದ್ದಕ್ಕೆ ಇಪ್ಪತ್ತೈದು ಚುಕ್ಕಿಗಳು ದಕ್ಕುತ್ತವೆ. ಹೆಂಚಿನ ಮಾಡಿನಂತೆ ಅವು ಸಾಲುಗಟ್ಟಿರುವುದು ಕಾಣಲು ಅಷ್ಟು ಸಾಕು.

ಈಗ ಉಲ್ಟಾ ಮಾಡುವ ಗುಟ್ಟು. ಚಿಕ್ಕವರಿದ್ದಾಗ ದುರ್ಬೀನನ್ನು ತಿರುಗುಮುರುಗು ಹಿಡಿದು ನೋಡಿರುತ್ತೀರಿ: ಎದುರಿಗಿದ್ದ ಅಣ್ಣ ಮೈಲಿ ದೂರದ ಗುಬ್ಬಚ್ಚಿಯಾಗಿಬಿಡುತ್ತಾನೆ. ಆದರೆ ಹಾಗೆ ತಿರುಗಿಸಿದ ದುರ್ಬೀನಿನ ಸಣ್ಣ ತುದಿಯನ್ನು ಅಂಗೈಗೆ ತೀರಾ ಹತ್ತಿರ ತಂದು, ದೊಡ್ಡ ತುದಿಯಿಂದ ನೋಡಿ. ಅಂಗೈಯ ಗೆರೆಗಳು ಕಾಲುವೆಗಳಾಗುತ್ತವೆ. ಬೆಳಕಿಗೆ ಹೋಗುವ ದಾರಿ, ಬರುವ ದಾರಿ ಎಂಬ ಭೇದವಿಲ್ಲ. ಕ್ಯಾಮೆರಾದ ಲೆನ್ಸು ದೂರದ ದೊಡ್ಡ ಬೆಟ್ಟವನ್ನು ತನ್ನ ಬೆನ್ನಿಗಿರುವ ಪುಟ್ಟ ಸೆನ್ಸರಿಗೆ ಕುಗ್ಗಿಸುವಂತೆ ತಯಾರಾದದ್ದು. ತಿರುಗಿಸಿದಿರೋ, ಬೆನ್ನಿನ ಕಡೆ ಇಟ್ಟ ಪುಟ್ಟದ್ದನ್ನು ಇನ್ನೊಂದು ಬದಿಗೆ ಹಿಗ್ಗಿಸಿ ಕೊಡುತ್ತದೆ. ಹಾಗಾಗಿ ಇಲ್ಲಿ ಲೆಕ್ಕವೂ ತಲೆಕೆಳಗು. 55ಕ್ಕೆ ಜೂಮ್ ಮಾಡಿದರೆ ಹೆಚ್ಚುಕಡಿಮೆ 1:1. 18ಕ್ಕೆ ಇಳಿಸಿದರೆ ಮೂರು ಪಟ್ಟಿಗೂ ಮೇಲೆ. ಲೆನ್ಸು ಅಗಲ ಲೋಕವನ್ನು ಎಷ್ಟು ಬಿಗಿಯಾಗಿ ಮುದುಡಿಸಬಲ್ಲದೋ, ತಿರುಗಿಸಿದಾಗ ಅಷ್ಟೇ ಜೋರಾಗಿ ಹಿಗ್ಗಿಸುತ್ತದೆ.

ಇದಕ್ಕೆ ಬೇಕಿರುವುದು ರಿವರ್ಸ್ ರಿಂಗ್ ಎಂಬ ಲೋಹದ ಉಂಗುರ. ಒಂದು ಬದಿಯಲ್ಲಿ ಲೆನ್ಸಿನ ಮೂತಿಗೆ ಹೊಂದುವ ತಿರುಪು, ಇನ್ನೊಂದು ಬದಿಯಲ್ಲಿ ಕ್ಯಾಮೆರಾಕ್ಕೆ ಕೂರುವ ಕಚ್ಚು. ಕೆಲವು ನೂರು ರೂಪಾಯಿ. ಲೆನ್ಸಿನ ಮೂತಿಯ ಮೇಲೆ 52 ಅಥವಾ 58 ಎಂದೇನೋ ಬರೆದಿರುತ್ತದೆ, ಅದನ್ನು ನೋಡಿಕೊಂಡೇ ಕೊಳ್ಳಿ. ನಾನು ನೋಡದೆ ಕೊಂಡು ಎರಡು ಸಲ ದುಡ್ಡು ಕೊಟ್ಟೆ.

ತೊಡಕು ಶುರುವಾಗುವುದು ಇಲ್ಲಿ. ಉಲ್ಟಾ ಆದ ಲೆನ್ಸಿಗೂ ಕ್ಯಾಮೆರಾಕ್ಕೂ ಮಾತುಕತೆ ನಿಂತುಹೋಗುತ್ತದೆ. ಬೆಳಕಿನ ಕಿಂಡಿಯನ್ನು, ಅಂದರೆ ಅಪರ್ಚರನ್ನು, ಕಿರಿದು ಮಾಡುವವರೇ ಇಲ್ಲ. ಕ್ಯಾನನ್ ಡಿಎಸ್‌ಎಲ್‌ಆರ್‌ನವರು ಲೆನ್ಸನ್ನು ಮೊದಲು ನೆಟ್ಟಗೆ ಹಾಕಿ, ಎಫ್ 8 ಇಟ್ಟು, ಮುನ್ನೋಟದ ಗುಂಡಿ ಒತ್ತಿ ಹಿಡಿದುಕೊಂಡೇ ಲೆನ್ಸು ಬಿಚ್ಚುತ್ತಾರೆ. ಕಿಂಡಿ ಹಾಗೇ ನಿಂತಿರುತ್ತದೆ. ನಿಕಾನ್‌ನ ಹಳೆಯ ಲೆನ್ಸುಗಳಲ್ಲಿ ಬೆನ್ನಿಗೊಂದು ಸಣ್ಣ ಸನ್ನೆ ಇರುತ್ತದೆ, ಅದನ್ನು ಕಾಗದದ ಮಡಿಕೆ ಸಿಕ್ಕಿಸಿ ಅರ್ಧಕ್ಕೆ ನಿಲ್ಲಿಸಬಹುದು. ಇದಾವ ರಗಳೆಯೂ ಬೇಡವೆಂದರೆ ರೀಲಿನ ಕಾಲದ, ಅಪರ್ಚರಿನ ಬಳೆ ಲೆನ್ಸಿನ ಮೈಮೇಲೇ ಇರುವ 50 ಮಿಲಿಮೀಟರಿನ ಲೆನ್ಸೊಂದನ್ನು ಹುಡುಕಿ. ಅಟ್ಟದ ಮೇಲಿನ ಮಾವನ ಕ್ಯಾಮೆರಾದಲ್ಲಿ ಸಿಕ್ಕರೂ ಸಿಕ್ಕೀತು. ಮಿರರ್‌ಲೆಸ್ ಕ್ಯಾಮೆರಾದವರಿಗಂತೂ ಇದೇ ನೇರ ದಾರಿ.

ಎರಡನೇ ದಾರಿ ಟ್ಯೂಬು. ಒಳಗೆ ಗಾಜಿಲ್ಲ, ಬರೀ ಟೊಳ್ಳು ಕೊಳವೆ. ಲೆನ್ಸನ್ನು ಸೆನ್ಸರಿನಿಂದ ದೂರ ತಳ್ಳುವುದಷ್ಟೇ ಅದರ ಕೆಲಸ. ಸಾಮಾನ್ಯವಾಗಿ 12, 20, 36 ಮಿಲಿಮೀಟರಿನ ಮೂರು ತುಂಡು ಒಟ್ಟಿಗೆ ಬರುತ್ತವೆ. ಟ್ಯೂಬಿನ ಉದ್ದವನ್ನು ಲೆನ್ಸಿನ ಸಂಗಮದೂರದಿಂದ ಭಾಗಿಸಿದರೆ ಎಷ್ಟು ಪಟ್ಟು ಎಂದು ತಿಳಿಯುತ್ತದೆ: 50ರ ಲೆನ್ಸಿಗೆ ಮೂರೂ ಸೇರಿಸಿದರೆ 68 ಭಾಗ 50, ಸುಮಾರು 1.4.

ಚಿಟ್ಟೆಯ ಹುಚ್ಚಿನವರಿಗೆ ಮಾತ್ರ ಈ ಎರಡನ್ನೂ ಹೇಳಲಾರೆ. ಉಲ್ಟಾ ಲೆನ್ಸು ನಾಲ್ಕು ಸೆಂಟಿಮೀಟರ್ ಹತ್ತಿರ ಹೋಗದೆ ಏನನ್ನೂ ಕಾಣಿಸುವುದಿಲ್ಲ, ಅಷ್ಟರಲ್ಲಿ ಚಿಟ್ಟೆ ಪಕ್ಕದ ಊರು ಸೇರಿರುತ್ತದೆ. 55–250ರಂಥ ಉದ್ದ ಜೂಮ್ ಇದ್ದರೆ ಅದರ ಮೂತಿಗೆ ಕ್ಲೋಸಪ್ ಗಾಜು ತಿರುಪಿ. ಇದು ಲೆನ್ಸಿಗೆ ಹಾಕುವ ಚಾಳೀಸು, ಅಷ್ಟೆ. +4 ನಂಬರಿನ ಗಾಜಿನ ಸಂಗಮದೂರ 250 ಮಿಲಿಮೀಟರ್. ಜೂಮನ್ನು 250ಕ್ಕೆ ಎಳೆದರೆ ಸರಿಯಾಗಿ 1:1, ಚಿಟ್ಟೆ ಕಾಲು ಮೀಟರ್ ದೂರದಲ್ಲಿ ನಿಶ್ಚಿಂತೆಯಿಂದ ಮಕರಂದ ಹೀರುತ್ತಿರುತ್ತದೆ. ನಾಲ್ಕು ಗಾಜಿನ ಅಗ್ಗದ ಸೆಟ್ಟಿನಲ್ಲಿ ಬರುವ +10 ಮಾತ್ರ ಮುಟ್ಟಬೇಡಿ, ಅಂಚಿಗೆಲ್ಲ ನೇರಳೆ ಹಸಿರು ಬಣ್ಣ ಬಳಿಯುತ್ತದೆ.

ಕ್ಯಾಮೆರಾವೇ ಇಲ್ಲವೇ? ಮೊಬೈಲನ್ನು ಬೋರಲು ಮಲಗಿಸಿ, ಕ್ಯಾಮೆರಾದ ಗಾಜಿನ ಮೇಲೆ ಒಂದು ಸಣ್ಣ ಹನಿ ನೀರು ಬಿಟ್ಟು, ಮೆಲ್ಲಗೆ ಮಗುಚಿ ಹಿಡಿಯಿರಿ. ಹನಿ ಬೀಳುವುದಿಲ್ಲ, ಅದೇ ಮಸೂರ. 17ನೇ ಶತಮಾನದಲ್ಲಿ ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್ ಸೂಕ್ಷ್ಮಜೀವಿಗಳನ್ನು ಕಂಡದ್ದೂ ಹನಿಗಿಂತ ಚಿಕ್ಕದಾದ ಒಂಟಿ ಗಾಜಿನಲ್ಲೇ. ಹಾಳಾದ ಡಿವಿಡಿ ಡ್ರೈವಿನೊಳಗಿನ ಪುಟ್ಟ ಮಸೂರವನ್ನು ಟೇಪಿನಲ್ಲಿ ಅಂಟಿಸಿದರೂ ಕೆಲಸ ನಡೆಯುತ್ತದೆ. ಅಗ್ಗದ ಫೋನುಗಳ ಬೆನ್ನಿಗೆ ‘ಮ್ಯಾಕ್ರೋ’ ಎಂದು ಕೂರಿಸಿರುವ 2 ಮೆಗಾಪಿಕ್ಸೆಲ್ ಕಣ್ಣಿಗಿಂತ ನೀರಹನಿಯೇ ವಾಸಿ ಎಂದು ನನ್ನ ಅಭಿಪ್ರಾಯ.

ಯಾವ ದಾರಿ ಹಿಡಿದರೂ ಕೊನೆಗೆ ಎದುರಾಗುವ ಗೋಡೆ ಒಂದೇ. ಎರಡು ಪಟ್ಟು ಹಿಗ್ಗಿಸಿ ಎಫ್ 8ರಲ್ಲಿ ತೆಗೆದರೆ ಸ್ಪಷ್ಟವಾಗಿ ಕಾಣುವ ಪದರದ ದಪ್ಪ ಸುಮಾರು ಕಾಲು ಮಿಲಿಮೀಟರ್, ಎರಡು ಮೂರು ಹಾಳೆ ಕಾಗದದಷ್ಟು. ಕಣ್ಣು ಹಿಡಿದರೆ ಕಾಲು ಮಸುಕು. ಕಿಂಡಿಯನ್ನು ಇನ್ನೂ ಕಿರಿದು ಮಾಡೋಣವೆಂದರೆ ಬೆಳಕು ಅಂಚಿನಲ್ಲಿ ಬಾಗಿ ಚದುರಿ ಇಡೀ ಚಿತ್ರವನ್ನೇ ಮೆತ್ತಗೆ ಮಾಡುತ್ತದೆ. ಲೆನ್ಸಿನ ಫೋಕಸ್ ಬಳೆ ತಿರುಗಿಸಿ ಪ್ರಯೋಜನವಿಲ್ಲ. ಉಸಿರು ಬಿಗಿಹಿಡಿದು ಮೈಯನ್ನೇ ಹಿಂದೆ ಮುಂದೆ ತೂಗುತ್ತ, ಕಣ್ಣು ಮಿಂಚಿದ ಕ್ಷಣ ಗುಂಡಿ ಒತ್ತುವುದು. ಇಪ್ಪತ್ತರಲ್ಲಿ ಒಂದು ಸಿಕ್ಕರೆ ಆ ದಿನ ಲಾಭ. ಚಳಿಗಾಲದ ಬೆಳಗಿನ ಆರೂವರೆಗೆ ಹೋದರೆ ಲಾಭ ಜಾಸ್ತಿ. ಇಬ್ಬನಿ ಹೊದ್ದ ಏರೋಪ್ಲೇನ್ ಚಿಟ್ಟೆಗೆ ಬಿಸಿಲು ಕಾಯಿಸದೆ ಹಾರಲಾಗದು. ಇದನ್ನೇ ಮನೆಯಲ್ಲಿ ಸಾಧಿಸಲು ಹುಳುವನ್ನು ಫ್ರಿಜ್ಜಿನಲ್ಲಿಡುವವರಿದ್ದಾರೆ. ಅವರ ಫೋಟೋಗಳಲ್ಲಿ ಹುಳದ ಕಾಲು ಮಡಚಿರುವ ರೀತಿಯಲ್ಲೇ ಸುಳ್ಳು ಗೊತ್ತಾಗುತ್ತದೆ.

ದುಡ್ಡು ಮಿಕ್ಕಿದ್ದರೆ ಬೆಳಕಿಗೆ ಹಾಕಿ, ಲೆನ್ಸಿಗಲ್ಲ. ಉಲ್ಟಾ ಲೆನ್ಸಾಗಲಿ ಟ್ಯೂಬಾಗಲಿ, 1:1ರಲ್ಲಿ ಸೆನ್ಸರಿಗೆ ತಲುಪುವ ಬೆಳಕು ಸುಮಾರು ಕಾಲು ಭಾಗಕ್ಕಿಳಿದಿರುತ್ತದೆ, ಕೈ ನಡುಗುವುದು ಮಾತ್ರ ಹಿಗ್ಗಿ ಕಾಣುತ್ತದೆ. ಫ್ಲ್ಯಾಶ್ ಕಡಿಮೆ ಶಕ್ತಿಯಲ್ಲಿ ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ ಹೊತ್ತು ಮಿಂಚುವುದರಿಂದ ನಡುಕವನ್ನು ನುಂಗಿಬಿಡುತ್ತದೆ. ಆದರೆ ಬೆತ್ತಲೆ ಫ್ಲ್ಯಾಶ್ ಚಗಳಿಯ ಹೊಳೆಯುವ ಮೈಮೇಲೆ ಬಿಳಿ ಕಲೆ ಎಬ್ಬಿಸುತ್ತದೆ. ಬೆಳಕು ಸೂಸುವ ಜಾಗ ಅಗಲವಾಗಿ, ಹತ್ತಿರವಾಗಿ ಇದ್ದಷ್ಟೂ ನೆರಳು ಮೆದು. ಮೋಡ ಮುಸುಕಿದ ಆಕಾಶದ ಹಾಗೆ. ನನ್ನ ಮೋಡ ಹೋಟೆಲಿನಿಂದ ಸಾಂಬಾರು ಪಾರ್ಸೆಲ್ ಬಂದಿದ್ದ ಚೌಕದ ಬಿಳಿ ಪ್ಲಾಸ್ಟಿಕ್ ಡಬ್ಬಿ. ತಳ ಕತ್ತರಿಸಿ, ಟ್ರೇಸಿಂಗ್ ಪೇಪರ್ ಹಚ್ಚಿ, ಟೇಪು ಸುತ್ತಿ ಫ್ಲ್ಯಾಶಿಗೆ ತೊಡಿಸಿದ್ದೇನೆ.

ಅದನ್ನು ಹೊತ್ತು ಮತ್ತೆ ಆ ಮಾವಿನ ಮರಕ್ಕೆ ಹೋದೆ. ಜಿಗಿಯುವ ಜೇಡದ ನಡುವಿನ ಎರಡು ದೊಡ್ಡ ಕಣ್ಣುಗಳು ಒಳಕ್ಕೆ ಉದ್ದನೆಯ ಕೊಳವೆಗಳು, ಅವೂ ಒಂದು ಬಗೆಯ ಟೆಲಿಲೆನ್ಸುಗಳೇ. ಮಸೂರ ಅಲ್ಲಾಡದು, ಹಿಂದಿನ ಅಕ್ಷಿಪಟಲವನ್ನೇ ಸ್ನಾಯುಗಳು ಅತ್ತಿತ್ತ ಸರಿಸುತ್ತವೆ. ಆ ಪಟಲದಲ್ಲಿ ನಾಲ್ಕು ಪದರ. 2012ರಲ್ಲಿ ಜಪಾನಿನ ವಿಜ್ಞಾನಿಗಳು ಇದರ ಸಂಬಂಧಿಯೊಂದರಲ್ಲಿ ಕಂಡುಕೊಂಡಂತೆ, ಒಂದು ಪದರದಲ್ಲಿ ಬಿಂಬ ಸ್ಪಷ್ಟ, ಪಕ್ಕದ್ದರಲ್ಲಿ ಮಸುಕು. ಆ ಮಸುಕು ಎಷ್ಟೆಂಬುದರಿಂದಲೇ ಬೇಟೆಯ ದೂರ ಅಳೆದು ಜಿಗಿಯುತ್ತದೆ. ಇದು ನಡೆಯುವುದು ಹಸಿರು ಬೆಳಕಿನಲ್ಲಿ. ಬರೀ ಕೆಂಪು ಬೆಳಕು ಕೊಟ್ಟಾಗ ಜೇಡಗಳು ಲೆಕ್ಕ ತಪ್ಪಿ, ಬೇಟೆಗೆ ಮೊದಲೇ ಬಿದ್ದವು. ನನ್ನ ಇಪ್ಪತ್ತರಲ್ಲಿ ಹತ್ತೊಂಬತ್ತು ಫೋಟೋ ಹಾಳುಮಾಡುವ ಮಸುಕೇ ಅದರ ಅಳತೆಗೋಲು.

ವೇಷಧಾರಿ ಒಂದು ಎಲೆಯ ಅಂಚಿನಲ್ಲಿ ಸಿಕ್ಕಿತು. ಓಡಲಿಲ್ಲ. ಮುಂಗಾಲನ್ನು ಮೀಸೆಯಂತೆ ಆಡಿಸುತ್ತ ತಿರುಗಿ ಲೆನ್ಸನ್ನೇ ನೋಡಿತು. ಆ ಫೋಟೋದಲ್ಲಿ ಎರಡು ಕರಿಗಣ್ಣುಗಳಲ್ಲೂ ಒಂದೊಂದು ಬಿಳಿ ಚೌಕ ಹೊಳೆಯುತ್ತಿದೆ. ಹಿಗ್ಗಿಸಿ ನೋಡಿದರೆ ಸಾಂಬಾರು ಡಬ್ಬಿಯ ಒಂದು ಮೂಲೆಯಲ್ಲಿ ಟೇಪು ಬಿಟ್ಟುಕೊಂಡಿರುವುದೂ ಕಾಣುತ್ತದೆ.