ಹಾಡು ಜೋಡಿಸುವಾಗ ಕಂಪ್ಯೂಟರ್ ಮೂಕವಾದರೆ...

ವ್ಯಾಪಾರಕ್ಕೆಂದು ಕರಾವಳಿ ಬಿಟ್ಟು ಚಿಕ್ಕೋಡಿ ತಾಲೂಕಿನ ಕರೋಶಿಗೆ ಬಂದು ನೆಲೆಸಿದವರು ನಾವು. ಅಂಗಡಿಯಲ್ಲಿ ಕನ್ನಡ, ಮರಾಠಿ. ಮನೆಯೊಳಗೆ ಮಾತ್ರ ಬ್ಯಾರಿ. ನಮ್ಮ ಅಣ್ಣನ ಮಗನಿಗೆ ಹುಟ್ಟಿನಿಂದಲೇ ಕಣ್ಣು ಕಾಣದು, ಆದರೆ ಕಂಠ ಚೆನ್ನಾಗಿದೆ. ಬ್ಯಾರಿ ಹಾಡುಗಳನ್ನು ತಾನೇ ಹಾಡಿ, ಹಳೆಯ ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಮಾಡಿ, ಊರಿನ ಮದುವೆ ಮನೆಗಳಿಗೆ ಕಳಿಸುತ್ತಾನೆ. ಅವನ ಕೈಗೆ ಬರುವ ನಾಲ್ಕು ಕಾಸು ಅದರಿಂದಲೇ.

ಅವನ ಕಣ್ಣೆಂದರೆ ಸ್ಕ್ರೀನ್ ರೀಡರ್. ಪರದೆ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶವದು. ಅವನು ಬಳಸುವ ಎನ್‌ವಿಡಿಎ ಪೂರ್ತಿ ಉಚಿತ. ಆಸ್ಟ್ರೇಲಿಯದ ಮೈಕಲ್ ಕರನ್ ಎಂಬ ಅಂಧ ಯುವಕ 2006ರಲ್ಲಿ ಇದನ್ನು ಶುರುಮಾಡಿದರು. ಅದರ ಜೊತೆಗೇ ಬರುವ ಇಸ್ಪೀಕ್ ಧ್ವನಿ ಕನ್ನಡವನ್ನೂ ಓದುತ್ತದೆ.

ತೊಂದರೆ ಬಂದದ್ದು ಒಂದು ನಿಖಾಹ್‌ಗೆ ಎರಡು ದಿನ ಇರುವಾಗ. ಹಾಡಿಗೆ ದಫ್, ಕೋರಸ್ ಎಲ್ಲ ಸೇರಿಸುತ್ತಿದ್ದಂತೆ ಎನ್‌ವಿಡಿಎ ತಡವರಿಸತೊಡಗಿತು. ಗುಂಡಿ ಒತ್ತಿದ ಎಷ್ಟೋ ಹೊತ್ತಿಗೆ ಮಾತು, ಆಮೇಲೆ ಅದೂ ಇಲ್ಲ. ಕಣ್ಣಿದ್ದವರಿಗೆ ಚಕ್ರ ತಿರುಗುವುದಾದರೂ ಕಾಣುತ್ತದೆ. ಅವನಿಗೆ ಬರೀ ಕತ್ತಲೆ. ಅಂದಾಜಿನಲ್ಲಿ ಒತ್ತಿದ ಒಂದು ಗುಂಡಿಗೆ ಹಾಡಿದ್ದೇ ಅಳಿಸಿಹೋಯಿತು. "ಇದು ನಿನ್ನಿಂದಾಗದ ಕೆಲಸ, ಬಿಟ್ಟುಬಿಡು ಮೋನೆ" ಎಂದರು ಉಮ್ಮ. ನಾವೂ ಹೂಂ ಅಂದೆವು. ಲ್ಯಾಪ್‌ಟಾಪ್ ಮಾರುವ ಮಾತೂ ಆಯಿತು.

ತಪ್ಪು ಅವನದಲ್ಲ ಎಂದು ತಿಳಿದದ್ದು ಫೋನಿನಲ್ಲಿ ಸಿಕ್ಕ ಇನ್ನೊಬ್ಬ ಅಂಧ ಗೆಳೆಯನಿಂದ. ಕಂಪ್ಯೂಟರ್ ಧ್ವನಿಯನ್ನು ಸಣ್ಣ ಸಣ್ಣ ತುಂಡುಗಳಾಗಿ ಸಿದ್ಧಮಾಡುತ್ತದೆ. ಈ ತುಂಡಿಗೆ ಬಫರ್ ಎನ್ನುತ್ತಾರೆ. ಸೆಕೆಂಡಿಗೆ 48,000 ಮಾದರಿ ಇರುವ ರೆಕಾರ್ಡಿಂಗಿನಲ್ಲಿ 128ರ ಬಫರ್ ಇಟ್ಟರೆ, ಒಂದೊಂದು ತುಂಡಿಗೆ ಸಿಗುವ ಸಮಯ 3 ಮಿಲಿಸೆಕೆಂಡಿಗೂ ಕಡಿಮೆ. 1024 ಇಟ್ಟರೆ ಸುಮಾರು 21. ಹಾಡು ಕಡಿಯದಂತೆ ನೋಡಿಕೊಳ್ಳಲು ಕಂಪ್ಯೂಟರ್ ಸಂಗೀತದ ಕೆಲಸವನ್ನು ಮುಂದೆ ನಿಲ್ಲಿಸುತ್ತದೆ, ಓದಿ ಹೇಳುವ ಕೆಲಸ ಸಾಲಿನಲ್ಲಿ ಹಿಂದೆ ಬೀಳುತ್ತದೆ. ಇನ್ನು ಕೆಲವು ಸಂಗೀತ ತಂತ್ರಾಂಶಗಳು ಸೌಂಡ್ ಕಾರ್ಡನ್ನೇ ತಮ್ಮೊಬ್ಬರದಾಗಿ ಹಿಡಿದುಕೊಳ್ಳುತ್ತವೆ. ಆಗ ಸ್ಕ್ರೀನ್ ರೀಡರ್ ಮಾತಾಡಿದರೂ ಹೊರಗೆ ಕೇಳದು.

ನಮ್ಮ ಮನೆಯಲ್ಲಿ ಫಲ ಕೊಟ್ಟ ಉಪಾಯಗಳಿವು. ಹಾಡುವಾಗ ಚಿಕ್ಕ ಬಫರ್, ಹಾಡು ಜೋಡಿಸುವಾಗ 1024 ಅಥವಾ ಅದಕ್ಕೂ ದೊಡ್ಡದು. ಸಂಗೀತಕ್ಕೆ ಬೇರೆ ಯುಎಸ್‌ಬಿ ಸೌಂಡ್ ಕಾರ್ಡ್, ಸ್ಕ್ರೀನ್ ರೀಡರಿಗೆ ಲ್ಯಾಪ್‌ಟಾಪಿನದೇ ಕಾರ್ಡ್. ಎನ್‌ವಿಡಿಎ ಸೆಟ್ಟಿಂಗ್ಸಿನ ಆಡಿಯೊ ವಿಭಾಗದಲ್ಲಿ ಅದನ್ನು ಆರಿಸಬಹುದು. ಭಾರವಾದ 'ಸಹಜ' ಧ್ವನಿಗಳ ಬದಲು ಹಗುರವಾದ ಇಸ್ಪೀಕ್. ಇಫೆಕ್ಟ್ ಹಾಕಿ ಮುಗಿದ ಟ್ರ್ಯಾಕನ್ನು 'ಫ್ರೀಜ್' ಮಾಡಿದರೆ ಹೊರೆ ಇಳಿಯುತ್ತದೆ. ಚಾರ್ಜರ್ ಸಿಕ್ಕಿಸಿಕೊಂಡೇ ಕೆಲಸ ಮಾಡುವುದು, ಬ್ರೌಸರ್ ಮುಚ್ಚುವುದು. ಇಷ್ಟಾದರೂ ಮಾತು ನಿಂತರೆ ಅಂದಾಜಿನಲ್ಲಿ ಏನನ್ನೂ ಒತ್ತಬಾರದು. ಕಂಟ್ರೋಲ್, ಆಲ್ಟ್, ಎನ್ ಮೂರನ್ನೂ ಒಟ್ಟಿಗೆ ಒತ್ತಿದರೆ ಎನ್‌ವಿಡಿಎ ಮಾತ್ರ ಹೊಸದಾಗಿ ಶುರುವಾಗುತ್ತದೆ, ತೆರೆದಿಟ್ಟ ಹಾಡು ಹಾಗೆಯೇ ಇರುತ್ತದೆ. ಅಂಧರು ರೀಪರ್ ಎಂಬ ತಂತ್ರಾಂಶವನ್ನು ಸಲೀಸಾಗಿ ಬಳಸಲು ಒಸಾರಾ ಎಂಬ ಉಚಿತ ಜೋಡಣೆಯೂ ಇದೆ. ಅದನ್ನು ಬರೆದವರಲ್ಲಿ ಮುಖ್ಯರು, ಎನ್‌ವಿಡಿಎ ಕಟ್ಟಲು ಕರನ್ ಜೊತೆ ನಿಂತ ಜೇಮ್ಸ್ ಟೆ.

ಪ್ರವಾದಿಯವರ (ಸ.ಅ.) ಸಹಾಬಿ ಇಬ್ನ್ ಉಮ್ಮಿ ಮಕ್ತೂಮ್ (ರ.ಅ.) ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಆದರೂ ಬಿಲಾಲ್ (ರ.ಅ.) ಅವರಂತೆ ಬಾಂಗ್ ಕೊಡುವ ಹೊಣೆ ಅವರಿಗಿತ್ತು, ಪ್ರವಾದಿಯವರು ಹೊರಗೆ ಹೋದಾಗ ಮದೀನಾದ ಉಸ್ತುವಾರಿಯನ್ನೂ ಅವರಿಗೆ ವಹಿಸಿದ್ದುಂಟು. ನಮ್ಮ ಈ ಸೀಮೆಯ ಗದಗದಲ್ಲೇ, ಎಳವೆಯಲ್ಲಿ ಕಣ್ಣು ಕಳೆದುಕೊಂಡ ಪುಟ್ಟರಾಜ ಗವಾಯಿಗಳು (1914–2010) ವೀರೇಶ್ವರ ಪುಣ್ಯಾಶ್ರಮದಲ್ಲಿ ಜಾತಿಮತ ನೋಡದೆ ಎಷ್ಟೋ ಅಂಧ ಮಕ್ಕಳಿಗೆ ಸಂಗೀತ ಕಲಿಸಿದರು. ಇದೆಲ್ಲ ಗೊತ್ತಿದ್ದೂ ನಮ್ಮ ಹುಡುಗನಿಗೆ 'ನಿನ್ನಿಂದಾಗದು' ಅಂದೆವಲ್ಲ ಎಂಬ ನಾಚಿಕೆ ನಮಗಿದೆ.

ಹಾಡನ್ನು ಅವನು ಮತ್ತೆ ಹಾಡಿದ. ನಿಖಾಹ್‌ನ ಹಿಂದಿನ ರಾತ್ರಿ ಅದು ಮದುವೆ ಮನೆ ಸೇರಿತು. ಕಣ್ಣು ಕಾಣದ ಮಕ್ಕಳಿರುವ ಮನೆಯವರಿಗೆ ನಮ್ಮದೊಂದೇ ಮಾತು: ಕೆಲಸ ನಿಂತರೆ ಮೊದಲು ಯಂತ್ರವನ್ನು ಪರೀಕ್ಷಿಸಿ, ಮಗುವನ್ನಲ್ಲ.